ಇಮಿಗ್ರೇಶನ್‌ನಲ್ಲಿ ‘ಫೋನ್ ಲಾಕ್ ತೆಗೆಯಿರಿ’ ಎಂದರೆ ಏನು ಮಾಡಬೇಕು?

ಪ್ರಶ್ನೆ: ಗೋಣಿಕೊಪ್ಪಲಿನ ಹತ್ತಿರ ನಮ್ಮದು ಕಾಫಿ ತೋಟ. ಮಗಳು ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಳೆ, ಎಫ್-1 ವೀಸಾ. ರಜೆ ಮುಗಿಸಿ ಹೊರಟಿದ್ದಾಳೆ, ಜೊತೆಗೆ ನಾನೂ ನನ್ನ ಹೆಂಡತಿಯೂ ಬಿ-2 ಪ್ರವಾಸಿ ವೀಸಾದಲ್ಲಿ ಹೋಗುತ್ತಿದ್ದೇವೆ. ಕಣ್ಣೂರಿನಿಂದ ಅಬುಧಾಬಿ, ಅಲ್ಲಿಂದ ಅಮೆರಿಕ. ಅಲ್ಲಿ ಫೋನ್ ತೆರೆಸಿ ನೋಡುತ್ತಾರೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಕೇಳಿದರೆ ಪಾಸ್‌ವರ್ಡ್ ಕೊಡಲೇಬೇಕೆ? ವಾಟ್ಸಾಪ್ ಅಳಿಸಿ ಹೋಗುವುದು ಒಳ್ಳೆಯದೇ? ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ಹಿಡಿದು ತೆಗೆಸಿದ ಫೋಟೋಗಳಿವೆ, ಅದರಿಂದ ತೊಂದರೆಯಾಗುತ್ತದೆಯೇ? ದಾರಿಯಲ್ಲಿ ಕೊಡಗು-ಕೇರಳ ಗಡಿಯ ಮಾಕುಟ್ಟದಂಥ ಚೆಕ್‌ಪೋಸ್ಟಿನಲ್ಲಿ ನಮ್ಮ ಪೊಲೀಸರೂ ಹೀಗೆ ಫೋನ್ ಕೇಳಬಹುದೇ?

ಉತ್ತರ: ಪಾಸ್‌ವರ್ಡ್ ಕೊಡದಿದ್ದರೆ ಜೈಲು ಎಂಬ ಕಾನೂನು ಅಮೆರಿಕದಲ್ಲಿಲ್ಲ. ಆದರೆ ಕೊಡದ ವಿದೇಶಿಯನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬ ಕಾನೂನೂ ಇಲ್ಲ. ನಿಮ್ಮ ಮಟ್ಟಿಗೆ ಈ ಎರಡನೆಯದೇ ಮುಖ್ಯ. ಅಮೆರಿಕದ ಪೌರನಾದರೆ ಲಾಕ್ ತೆಗೆಯಲು ಒಪ್ಪದಿದ್ದರೂ ಅವನನ್ನು ದೇಶದೊಳಗೆ ಬಿಡಲೇಬೇಕು, ಫೋನನ್ನು ಮಾತ್ರ ಹಿಡಿದಿಟ್ಟುಕೊಳ್ಳಬಹುದು. ಗ್ರೀನ್ ಕಾರ್ಡ್ ಇದ್ದವರನ್ನೂ ಅಷ್ಟು ಸುಲಭವಾಗಿ ವಾಪಸ್ ಕಳಿಸಲಾಗುವುದಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ಹೋಗುವ ದಾರಿ ಅವರಿಗುಂಟು. ನೀವು ಮೂವರೂ ವೀಸಾದವರು. ವೀಸಾ ಕೊಡುವುದು ಬಾಗಿಲಿನವರೆಗೆ ಬರುವ ಅನುಮತಿ ಮಾತ್ರ. ಒಳಗೆ ಬಿಡಬೇಕೇ ಬೇಡವೇ ಎಂದು ತೀರ್ಮಾನಿಸುವುದು ಅಲ್ಲಿ ಕೂತಿರುವ ಅಧಿಕಾರಿ.

ಅಷ್ಟು ದೂರ ಹೋಗಿ ಕೌಂಟರಿನ ಮುಂದೆ ಹಕ್ಕಿನ ವಾದ ಹೂಡಿ ಗೆಲ್ಲಲಾಗದು. ಗೆಲ್ಲಬೇಕಾದದ್ದನ್ನು ಮನೆಯಲ್ಲೇ, ಹೊರಡುವ ಒಂದು ವಾರ ಮೊದಲೇ ಗೆಲ್ಲಬೇಕು: ಫೋನಿನಲ್ಲಿ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಎಂಬುದನ್ನು ನೀವೇ ತೀರ್ಮಾನಿಸಿ. ಫೋನಿನಲ್ಲಿ ಇಲ್ಲದ್ದನ್ನು ಯಾರೂ ನೋಡಲಾರರು.

ಹೆದರಿಸುವವರ ಮಾತಿಗೂ ಒಂದು ಅಳತೆ ಇರಲಿ. ಅಲ್ಲಿನ ಗಡಿ ಇಲಾಖೆ ಸಿಬಿಪಿ 2024ರ ಹಣಕಾಸು ವರ್ಷದಲ್ಲಿ ತಪಾಸಣೆ ಮಾಡಿದ ಸಾಧನಗಳ ಸಂಖ್ಯೆ 47,047. ಆ ವರ್ಷ ಒಳಬಂದವರ ಲೆಕ್ಕಕ್ಕೆ ಇದು ಹತ್ತು ಸಾವಿರಕ್ಕೆ ಒಂದರ ಆಸುಪಾಸು. ಅದರಲ್ಲೂ ಹತ್ತರಲ್ಲಿ ಒಂಬತ್ತು ಪಾಲು ಕೈಯಲ್ಲಿ ಹಿಡಿದು ಮೇಲಿಂದ ಮೇಲೆ ನೋಡಿದವು. ನಿಮ್ಮಿಬ್ಬರಿಗಿಂತ ಮಗಳನ್ನು ಕೇಳುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಅಂದಾಜು, ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ಟಿಕೆಟಿನಲ್ಲೇ ಅನೇಕರು ಗಮನಿಸದ ಒಂದು ಸಂಗತಿ ಇದೆ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ‘ಪ್ರೀಕ್ಲಿಯರೆನ್ಸ್’ ಕೇಂದ್ರವಿದೆ. ಅಮೆರಿಕದ ವಿಮಾನ ಹತ್ತುವ ಮೊದಲೇ, ಅಲ್ಲಿಯೇ ಸಿಬಿಪಿ ಅಧಿಕಾರಿಗಳು ಇಮಿಗ್ರೇಶನ್, ಕಸ್ಟಮ್ಸ್ ಎರಡನ್ನೂ ಮುಗಿಸಿಬಿಡುತ್ತಾರೆ. ಆ ಕಡೆ ಇಳಿದಾಗ ಒಳನಾಡಿನ ಪ್ರಯಾಣಿಕರಂತೆ ನೇರ ಹೊರಗೆ. ಇದರ ಅರ್ಥ, ‘ಹದಿನಾಲ್ಕು ಗಂಟೆ ವಿಮಾನದಲ್ಲಿ ಕೂತು ನಿಧಾನಕ್ಕೆ ಫೋನ್ ಸರಿಮಾಡಿಕೊಳ್ಳೋಣ’ ಎಂದುಕೊಂಡರೆ ಹೊತ್ತು ಮೀರಿರುತ್ತದೆ. ಕಣ್ಣೂರು ಬಿಡುವ ಮೊದಲೇ ಎಲ್ಲ ಆಗಿರಬೇಕು. ಅಬುಧಾಬಿಯಲ್ಲಿ ಎರಡು ವಿಮಾನಗಳ ನಡುವೆ ಬರೀ ಎರಡು ಗಂಟೆ ಇಟ್ಟುಕೊಂಡಿದ್ದರೆ ಅದೂ ಸಾಲದು. ಪಕ್ಕದ ಕೋಣೆಗೆ ಕರೆದು ಪ್ರಶ್ನೆ ಕೇಳಿದರೆ ವಿಮಾನ ಕಾಯುವುದಿಲ್ಲ.

ಅಧಿಕಾರಿಗೂ ನಿಯಮಗಳಿವೆ. 2018ರ ಜನವರಿಯಲ್ಲಿ ಹೊರಬಂದ ಸಿಬಿಪಿ ನಿರ್ದೇಶನ ತಪಾಸಣೆಯನ್ನು ಎರಡು ಬಗೆ ಮಾಡಿದೆ. ಫೋನನ್ನು ಕೈಯಲ್ಲಿ ಹಿಡಿದು ಫೋಟೋ, ಮೆಸೇಜು ನೋಡುವುದು ‘ಬೇಸಿಕ್’, ಅದಕ್ಕೆ ಯಾವ ಅನುಮಾನವೂ ಬೇಕಾಗಿಲ್ಲ. ಕೇಬಲ್ ಹಾಕಿ ಬೇರೆ ಯಂತ್ರಕ್ಕೆ ಸೇರಿಸಿ ನಕಲು ಮಾಡುವುದು, ವಿಶ್ಲೇಷಿಸುವುದು ‘ಅಡ್ವಾನ್ಸ್‌ಡ್’. ಅದಕ್ಕೆ ಸಕಾರಣವಾದ ಅನುಮಾನ ಅಥವಾ ರಾಷ್ಟ್ರೀಯ ಭದ್ರತೆಯ ಕಾರಣ ಇರಬೇಕು, ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಎರಡರಲ್ಲೂ ಫೋನಿನೊಳಗೆ ಉಳಿದಿರುವುದನ್ನಷ್ಟೇ ನೋಡಬೇಕು. ನೆಟ್ ಮೂಲಕ ಕ್ಲೌಡ್‌ನಲ್ಲಿರುವುದನ್ನು ಎಳೆದು ನೋಡುವಂತಿಲ್ಲ, ಅದಕ್ಕಾಗಿ ಮೊದಲು ಏರ್‌ಪ್ಲೇನ್ ಮೋಡ್ ಹಾಕಬೇಕು. ಅಲ್ಲಿನ ಕೆಲವು ನ್ಯಾಯಾಲಯಗಳು ಫೋನ್ ತಪಾಸಣೆಗೆ ವಾರಂಟ್ ಬೇಕು ಎಂದಿವೆ, ಕೆಲವು ಬೇಡ ಎಂದಿವೆ. ಸುಪ್ರೀಂ ಕೋರ್ಟ್ ಗಡಿಯ ಮಟ್ಟಿಗೆ ಇದನ್ನು ಇತ್ಯರ್ಥ ಮಾಡಿಲ್ಲ. ವೀಸಾದ ಮೇಲೆ ಹೋಗುವವರು ಆ ತೀರ್ಪುಗಳನ್ನು ನೆಚ್ಚಿಕೊಂಡು ಹೋಗಬಾರದು.

ಏರ್‌ಪ್ಲೇನ್ ಮೋಡಿನ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ನೆಟ್ ಇಲ್ಲದಿದ್ದರೆ ಏನೂ ಕಾಣುವುದಿಲ್ಲ ಎಂದುಕೊಳ್ಳುತ್ತಾರೆ. ಜಿಮೇಲ್ ಆ್ಯಪ್ ಇತ್ತೀಚಿನ ಮೇಲ್‌ಗಳನ್ನು ಫೋನಿನಲ್ಲೇ ಇಳಿಸಿಟ್ಟುಕೊಂಡಿರುತ್ತದೆ, ವಾಟ್ಸಾಪಿನ ಮಾತುಕತೆ ಪೂರ್ತಿ ಫೋನಿನಲ್ಲೇ ಇರುತ್ತದೆ. ಹಾಗಾಗಿ ಕೆಲಸವನ್ನು ಹೀಗೆ ಶುರುಮಾಡಿ.

ಮೊದಲು ನಕಲು. ಫೋನಿನಲ್ಲಿ 60 ಜಿಬಿ ಫೋಟೋ, ವಿಡಿಯೋ ಇದ್ದು ನಿಮ್ಮ ಮನೆಯ ಇಂಟರ್ನೆಟ್ಟಿನ ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ, ಎಲ್ಲವೂ ಕ್ಲೌಡ್ ಸೇರಲು 13 ಗಂಟೆಗೂ ಹೆಚ್ಚು ಬೇಕು, ಅದೂ ಎಲ್ಲೂ ತುಂಡಾಗದಿದ್ದರೆ. ಮಳೆಗಾಲದ ಕೊಡಗಿನಲ್ಲಿ ಕರೆಂಟು, ನೆಟ್ ಎರಡೂ ಒಟ್ಟಿಗೆ 13 ಗಂಟೆ ಸಿಗುವುದು ಅದೃಷ್ಟ. ಒಂದು ಹಾರ್ಡ್ ಡಿಸ್ಕ್ ತಂದು ಲ್ಯಾಪ್‌ಟಾಪ್ ಮೂಲಕ ಕೇಬಲ್‌ನಲ್ಲೇ ಇಳಿಸಿಕೊಳ್ಳುವುದು ಮೇಲು. ಇಳಿಸಿದ ಮೇಲೆ ಡಿಸ್ಕಿನಿಂದಲೇ ಅಲ್ಲಲ್ಲಿ ಹತ್ತಿಪ್ಪತ್ತು ಫೋಟೋ, ಒಂದೆರಡು ವಿಡಿಯೋ ತೆರೆದು ನೋಡಿ. ತೆರೆದು ನೋಡದೆ ಫೋನಿನಿಂದ ಅಳಿಸಬೇಡಿ.

ಅಳಿಸುವಾಗ ಎಡವುವ ಜಾಗ ಗೂಗಲ್ ಫೋಟೋಸ್. ಆ ಆ್ಯಪಿನೊಳಗೆ ‘ಡಿಲೀಟ್’ ಒತ್ತಿದರೆ ಫೋನಿನಿಂದಲೂ ಕ್ಲೌಡ್‌ನಿಂದಲೂ ಹೋಗುತ್ತದೆ. ಮೊಮ್ಮಗುವಿನ ನಾಮಕರಣದ ಫೋಟೋಗಳೆಲ್ಲ ಹೀಗೆ ಹೋದ ಮನೆಗಳಿವೆ. ಬ್ಯಾಕಪ್ ಮುಗಿದದ್ದನ್ನು ಖಚಿತಪಡಿಸಿಕೊಂಡು ‘ಫ್ರೀ ಅಪ್ ಸ್ಪೇಸ್’ ಬಳಸಿ, ಆಗ ಫೋನಿನ ಪ್ರತಿ ಮಾತ್ರ ಹೋಗುತ್ತದೆ. ಅದಾದ ಮೇಲೆ ಆ ಗೂಗಲ್ ಖಾತೆಯನ್ನೇ ಪ್ರಯಾಣದ ಮಟ್ಟಿಗೆ ಫೋನಿನಿಂದ ತೆಗೆದುಬಿಡಿ, ಇಲ್ಲದಿದ್ದರೆ ಸಣ್ಣ ಚಿತ್ರಗಳು ಕಾಣುತ್ತಲೇ ಇರುತ್ತವೆ. ಕಸದಬುಟ್ಟಿಯನ್ನು ಮರೆಯಬೇಡಿ: ಐಫೋನಿನ ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ 30 ದಿನ, ಗೂಗಲ್ ಫೋಟೋಸ್ ಟ್ರ್ಯಾಶ್‌ನಲ್ಲಿ ಬ್ಯಾಕಪ್ ಆದವು 60 ದಿನ ಉಳಿಯುತ್ತವೆ. ತಪಾಸಣೆ ಮಾಡುವವರು ಮೊದಲು ಇಣುಕುವ ಜಾಗಗಳಲ್ಲಿ ಅದೂ ಒಂದು.

ವಾಟ್ಸಾಪ್ ತೆಗೆದುಹಾಕಬೇಕೆ ಎಂದು ಕೇಳಿದ್ದೀರಿ. ಬೇಡ. ಭಾರತದಿಂದ ಬಂದ ಅರವತ್ತರ ದಂಪತಿಯ ಫೋನಿನಲ್ಲಿ ವಾಟ್ಸಾಪ್ ಇಲ್ಲವೆಂದರೆ ಅದೇ ಪ್ರಶ್ನೆಯಾಗುತ್ತದೆ. ಮತ್ತೆ ಹಾಕಿಕೊಳ್ಳುವಾಗ ನಿಮ್ಮ ಇಲ್ಲಿನ ನಂಬರಿಗೆ ಓಟಿಪಿ ಬರಬೇಕು, ರೋಮಿಂಗ್ ಚಾಲೂ ಮಾಡಿಸದೆ ಹೋಗಿದ್ದರೆ ಬರುವುದಿಲ್ಲ, ಆರು ತಿಂಗಳು ಮನೆಯವರ ಗ್ರೂಪಿನಿಂದ ಹೊರಗೆ. ಆ್ಯಪ್ ಇರಲಿ, ಒಳಗಿನ ಹೊರೆ ಇಳಿಸಿ. ‘ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್’ ಆನ್ ಮಾಡಿ, ಅದರ ಪಾಸ್‌ವರ್ಡನ್ನು ಮನೆಯಲ್ಲಿ ಬರೆದಿಟ್ಟು, ಒಂದು ಬ್ಯಾಕಪ್ ಮುಗಿಸಿ. ಆಮೇಲೆ ಮನೆಯವರ, ನೆಂಟರ ಮಾತುಕತೆ ಬಿಟ್ಟು ಉಳಿದ ಗ್ರೂಪುಗಳಲ್ಲಿ ‘ಕ್ಲಿಯರ್ ಚಾಟ್’ ಕೊಡಿ, ಮೀಡಿಯಾ ಸಹಿತ. ಆರ್ಕೈವ್ ಮಾಡುವುದರಿಂದ ಏನೂ ಅಳಿಯುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಆಂಡ್ರಾಯ್ಡ್ ಆದರೆ ಇನ್ನೊಂದು ಕೆಲಸ ಬಾಕಿ: ‘ಫೈಲ್ಸ್’ ತೆರೆದು, ಆಂಡ್ರಾಯ್ಡ್ ಫೋಲ್ಡರಿನೊಳಗಿನ ‘ಮೀಡಿಯಾ’ದಲ್ಲಿರುವ ವಾಟ್ಸಾಪ್ ಫೋಲ್ಡರ್ ನೋಡಿ. ನೀವು ಫಾರ್ವರ್ಡ್ ಮಾಡಿದ ಪ್ರತಿಯೊಂದು ವಿಡಿಯೋವಿನ ಪ್ರತಿ ಅಲ್ಲಿ ‘ಸೆಂಟ್’ ಎಂಬ ಒಳಫೋಲ್ಡರಿನಲ್ಲಿ ಕೂತಿರುತ್ತದೆ, ಗ್ಯಾಲರಿಯಲ್ಲಿ ಕಾಣುವುದೂ ಇಲ್ಲ. ಯಾರೋ ಕಳಿಸಿದ, ಪೂರ್ತಿ ನೋಡದೆ ಮುಂದಕ್ಕೆ ತಳ್ಳಿದ ಹಿಂಸೆಯ ವಿಡಿಯೋ, ರಾಜಕೀಯ ಫಾರ್ವರ್ಡ್‌ಗಳೆಲ್ಲ ಅಲ್ಲಿ ನಿಮ್ಮ ಹೆಸರಿನಲ್ಲಿ ಜಮೆಯಾಗಿರುತ್ತವೆ.

ತೋಟದವರ ಫೋನಿನಲ್ಲಿ ಇನ್ನೊಂದು ಬಗೆಯ ಸರಕು ಇರುತ್ತದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಕಳಿಸಿದ ಮಸ್ಟರ್ (ಹಾಜರಿ) ಪುಟಗಳು, ಲೈನ್‌ಮನೆಯ ಕೆಲಸದವರ ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಫೋಟೋ. ಅದು ನಿಮ್ಮ ಖಾಸಗಿತನವಲ್ಲ, ಅವರದು. ಅಮೆರಿಕಕ್ಕೆ ಹೊತ್ತೊಯ್ಯಲು ಕಾರಣವೇ ಇಲ್ಲ. ಮನೆಯಲ್ಲಿ ಸೈನ್ಯದಲ್ಲಿ ಇರುವವರೋ ನಿವೃತ್ತರೋ ಇದ್ದರೆ ಅವರ ಕಚೇರಿ ಕಾಗದ, ಯೂನಿಟ್ಟಿನ ಫೋಟೋಗಳೂ ಹಾಗೆಯೇ. ಯಾವ ದೇಶದ ಗಡಿಯನ್ನೂ ಅವು ದಾಟಬಾರದು.

ಫೋನನ್ನೇ ಪೂರ್ತಿ ಒರೆಸಿ ಖಾಲಿ ಮಾಡಿ ಹೋಗಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಪತ್ರಕರ್ತರಿಗೆ, ವಕೀಲರಿಗೆ ಅದು ಸರಿಯಿರಬಹುದು, ನಿಮಗೆ ಬೇಡ. ಫೋನ್‌ಪೇ, ಗೂಗಲ್ ಪೇ ಸಿಮ್ಮಿಗೂ ಫೋನಿಗೂ ಒಟ್ಟಿಗೆ ಬೆಸೆದುಕೊಂಡಿರುತ್ತವೆ, ಮತ್ತೆ ಹಾಕಿದಾಗ ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೊರಡಬೇಕು, ರೋಮಿಂಗ್‌ನಲ್ಲಿ ಅದು ಕೈಕೊಡುವುದುಂಟು. ಇ-ಸಿಮ್ ಇದ್ದರೆ ರೀಸೆಟ್ ಮಾಡುವಾಗ ಅದನ್ನೂ ಅಳಿಸುವ ಆಯ್ಕೆ ಬರುತ್ತದೆ, ಅವಸರದಲ್ಲಿ ಒತ್ತಿದರೆ ನಂಬರೇ ಹೋಯಿತು, ಹೊರದೇಶದಲ್ಲಿ ಕೂತು ಮರಳಿ ಪಡೆಯುವುದು ದೊಡ್ಡ ತಲೆನೋವು. ಮಗಳ ವಿಶ್ವವಿದ್ಯಾಲಯದ ಲಾಗಿನ್‌ಗೆ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಕೂಡ ಹಾಗೆಯೇ. ಅದರ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪರ್ಸಿನಲ್ಲಿಡಲಿ.

ಕೋವಿಯ ಫೋಟೋಗಳ ವಿಷಯ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದೆ. ಆದ್ದರಿಂದ ಆ ಫೋಟೋದಲ್ಲಿ ಇಲ್ಲಿಯ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ, ಅಮೆರಿಕದಲ್ಲಿ ಕೋವಿಯ ಫೋಟೋ ಅಪರಾಧವೂ ಅಲ್ಲ. ತೊಡಕು ಬೇರೆ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಸಾಲಾಗಿ ನಿಲ್ಲಿಸಿದ ಕೋವಿಗಳು, ನಳಿಗೆಯ ತುದಿಗೆ ಸಿಕ್ಕಿಸಿದ ತೋಕ್‌ಪೂ ಹೂವು, ಮುಂದೆ ಕುಪ್ಯ ಎಂಬ ನಿಲುವಂಗಿ ತೊಟ್ಟು ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡ ಹತ್ತು ಗಂಡಸರು: ನಮಗೆ ಇದು ಹಬ್ಬ. ಕೊಡಗು ಎಂಬ ಹೆಸರನ್ನೇ ಕೇಳದ ಅಧಿಕಾರಿಗೆ ಇದು ಆಯುಧ ಹಿಡಿದ ಗುಂಪು. ಕುತ್ತಿಗೆಯ ಹುಲಿಯುಗುರು, ದಂತದ ಹಿಡಿ ಕಾಣುವ ಹಳೆಯ ಫೋಟೋ, ಹಂದಿ ಬೇಟೆಯ ಫೋಟೋ ಇದ್ದರಂತೂ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಇವನ್ನೆಲ್ಲ ಹಾರ್ಡ್ ಡಿಸ್ಕಿನಲ್ಲಿಟ್ಟು ಮನೆಯಲ್ಲೇ ಬಿಡಿ. ಒಂದು ಉಳಿದು ಕಣ್ಣಿಗೆ ಬಿದ್ದರೆ ಗಾಬರಿ ಬೇಡ: ವರ್ಷಕ್ಕೊಮ್ಮೆ ಮನೆಯಲ್ಲಿ ಆಯುಧಪೂಜೆ, ನಮ್ಮ ಸಮುದಾಯಕ್ಕೆ ಸರ್ಕಾರದ ವಿನಾಯಿತಿ ಇದೆ ಎಂದು ಎರಡು ವಾಕ್ಯದಲ್ಲಿ ಹೇಳಿ ಸುಮ್ಮನಾಗಿ. ಇತಿಹಾಸ ಹೇಳಲು ಹೋಗಬೇಡಿ. ಫೋಟೋಗಿಂತ ಅಪಾಯದ್ದು ಬ್ಯಾಗಿನ ಮೂಲೆಯ ತೋಟಾ. ತೋಟಕ್ಕೋ ಬೇಟೆಗೋ ಒಯ್ದಿದ್ದ ಬ್ಯಾಗನ್ನೇ ಪ್ರಯಾಣಕ್ಕೆ ತೆಗೆದರೆ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನನಿಲ್ದಾಣದ ಎಕ್ಸ್‌ರೇಯಲ್ಲಿ ಒಂದೇ ಒಂದು ಕಾರ್ಟ್ರಿಜ್ ಸಿಕ್ಕರೂ ಸಾಕು, ವಿಮಾನ ತಪ್ಪಿದಂತೆಯೇ. ಹೊಸ ಬ್ಯಾಗ್ ಕೊಳ್ಳಿ.

ಈಗ ಮಗಳ ವಿಷಯ. ಅಧಿಕಾರಿ ಫೋನಿನಲ್ಲಿ ಮುಖ್ಯವಾಗಿ ಹುಡುಕುವುದು ವೀಸಾಕ್ಕೂ ಉದ್ದೇಶಕ್ಕೂ ಹೊಂದದ ಮಾತುಗಳನ್ನು. ವಿದ್ಯಾರ್ಥಿಯ ಫೋನಿನಲ್ಲಿ ‘ರೆಸ್ಟೋರೆಂಟಿನಲ್ಲಿ ಕ್ಯಾಶ್ ಕೊಡುತ್ತಾರೆ’ ಎಂಬ ಮೆಸೇಜು, ಬಿ-2ರವರ ಫೋನಿನಲ್ಲಿ ‘ಅಲ್ಲೇ ಎಲ್ಲಾದರೂ ಕೆಲಸ ಸಿಕ್ಕರೆ’ ಎಂಬ ತಮಾಷೆ. ತಮಾಷೆ ಅನುವಾದದಲ್ಲಿ ತಮಾಷೆಯಾಗಿ ಉಳಿಯುವುದಿಲ್ಲ. ಸಾಮಾಜಿಕ ಜಾಲತಾಣದ ಲೆಕ್ಕ ಇನ್ನೂ ಮೊದಲೇ ಶುರುವಾಗಿರುತ್ತದೆ: 2019ರಿಂದ ವೀಸಾದ ಡಿಎಸ್-160 ಅರ್ಜಿಯಲ್ಲಿ ಹಿಂದಿನ ಐದು ವರ್ಷ ಬಳಸಿದ ಖಾತೆಗಳ ಹೆಸರು ಕೊಡಬೇಕು. 2025ರ ಜೂನ್‌ನಿಂದ ಎಫ್, ಎಂ, ಜೆ (ವಿದ್ಯಾರ್ಥಿ, ವಿನಿಮಯ) ವೀಸಾ ಅರ್ಜಿದಾರರು ಪ್ರೊಫೈಲನ್ನು ಪಬ್ಲಿಕ್ ಮಾಡಬೇಕು ಎಂಬ ಸೂಚನೆ ಬಂತು, ಆ ವರ್ಷದ ಡಿಸೆಂಬರಿನಲ್ಲಿ ಉದ್ಯೋಗಿಗಳ ಎಚ್-1ಬಿ, ಅವರ ಕುಟುಂಬದ ಎಚ್-4 ವೀಸಾಕ್ಕೂ ಅದು ವಿಸ್ತರಿಸಿತು. ಅರ್ಜಿಯಲ್ಲಿ ಬರೆದ ಖಾತೆಯನ್ನು ಹೊರಡುವ ಹಿಂದಿನ ದಿನ ಅಳಿಸಿಹಾಕುವುದು ಮೂರ್ಖತನ. ಬರೆಯದೆ ಮುಚ್ಚಿಟ್ಟ ಖಾತೆ ಸಿಕ್ಕಿದರೆ ಸುಳ್ಳು ಮಾಹಿತಿ ಎಂದಾಗಿ, ಮುಂದೆ ಯಾವ ವೀಸಾವೂ ಸಿಗದ ಮಟ್ಟಕ್ಕೆ ಹೋಗಬಹುದು. ಖಾತೆ ಇರಲಿ. ಮನೆಯ ಸಣ್ಣ ಮಕ್ಕಳ ಫೋಟೋ, ಇತರರ ಟ್ಯಾಗ್ ತೆಗೆದರೆ ತಪ್ಪಿಲ್ಲ.

ಕೌಂಟರಿನಲ್ಲಿ ಮಾಡಬೇಕಾದದ್ದು ಕಡಿಮೆ. ಅಬುಧಾಬಿಯಲ್ಲಿ ವಿಮಾನದಿಂದ ಇಳಿಯುವ ಮೊದಲೇ ಫೋನನ್ನು ಪೂರ್ತಿ ಆಫ್ ಮಾಡಿ, ಲ್ಯಾಪ್‌ಟಾಪನ್ನು ಬರೀ ಮುಚ್ಚಿಡದೆ ಶಟ್‌ಡೌನ್ ಮಾಡಿ. ಆಫ್ ಆಗಿ ಇನ್ನೂ ಒಮ್ಮೆಯೂ ಪಾಸ್‌ಕೋಡ್ ಹಾಕದ ಫೋನಿನಲ್ಲಿ ಒಳಗಿನ ಮಾಹಿತಿ ಬಿಡಿಸುವ ಕೀಲಿ ಮೆಮೊರಿಯಲ್ಲಿ ಇರುವುದಿಲ್ಲ, ಯಂತ್ರಕ್ಕೆ ಹಾಕಿದರೂ ಸುಲಭಕ್ಕೆ ಬಿಡದು. ಬರೀ ಪರದೆ ಲಾಕ್ ಆದ ಫೋನಿನಲ್ಲಿ ಅದು ಇರುತ್ತದೆ. ಬೆರಳಚ್ಚು, ಮುಖ ಗುರುತಿಸುವ ಲಾಕ್ ಎರಡನ್ನೂ ತೆಗೆದು ಅಕ್ಷರ-ಅಂಕಿ ಬೆರೆತ ಪಾಸ್‌ಕೋಡ್ ಇಡಿ.

ಜನ ತಾವಾಗಿಯೇ ಮಾಡಿಕೊಳ್ಳುವ ದೊಡ್ಡ ತಪ್ಪು, ಟಿಕೆಟ್ ತೋರಿಸಲು ತೆರೆದ ಫೋನನ್ನೇ ಅಧಿಕಾರಿಯ ಕೈಗೆ ಕೊಡುವುದು. ವಾಪಸ್ ಟಿಕೆಟ್, ಮಗಳ ವಿಳಾಸ, ವಿಮೆ, ವಿಶ್ವವಿದ್ಯಾಲಯ ಕೊಟ್ಟ ಅವಳ ಐ-20 ಪತ್ರ (ಪ್ರಯಾಣದ ಸಹಿ ಒಂದು ವರ್ಷದೊಳಗಿನದು), ಬ್ಯಾಂಕ್ ವಿವರ ಎಲ್ಲವೂ ಕಾಗದದ ಮೇಲೆ ಇರಲಿ. ಗಸಗಸೆಯ ಪೊಟ್ಟಣವನ್ನು ಗಲ್ಫಿಗೆ ಹೋಗುವವರ ಪೆಟ್ಟಿಗೆಯಿಂದ ಎಷ್ಟು ಜಾಗ್ರತೆಯಾಗಿ ತೆಗೆದಿಡುತ್ತೇವೋ ಅಷ್ಟೇ ಜಾಗ್ರತೆ ಫೋನ್ ಜೇಬಿನಿಂದ ಹೊರಬರದಂತೆಯೂ ಇರಲಿ.

ಆದರೂ ಕೇಳಿದರು ಎನ್ನಿ. ಇದು ಕಡ್ಡಾಯವೇ ಎಂದು ಒಮ್ಮೆ ಸೌಜನ್ಯದಿಂದ ಕೇಳಬಹುದು. ಹೌದೆಂದರೆ, ನಿಮ್ಮ ಸ್ಥಿತಿಯಲ್ಲಿ ತೆರೆದುಕೊಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಪಾಸ್‌ಕೋಡನ್ನು ಬಾಯಲ್ಲಿ ಹೇಳದೆ, ಚೀಟಿಯಲ್ಲಿ ಬರೆದುಕೊಡದೆ, ನಾನೇ ಹಾಕುತ್ತೇನೆ ಎಂದು ಹೇಳಿ. ಏರ್‌ಪ್ಲೇನ್ ಮೋಡ್ ಹಾಕಿ ಕೊಡಿ. ‘ಪಾಸ್‌ವರ್ಡ್ ಮರೆತುಹೋಗಿದೆ’ ಎನ್ನಬೇಡಿ, ಫೆಡರಲ್ ಅಧಿಕಾರಿಗೆ ಸುಳ್ಳು ಹೇಳುವುದು ಅಲ್ಲಿ ಅದೇ ಒಂದು ಅಪರಾಧ. ಕೇಳಿದ ಮೇಲೆ ಏನನ್ನೂ ಅಳಿಸಬೇಡಿ. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೆ ತಲೆಯಾಡಿಸದೆ ದುಭಾಷಿ ಬೇಕೆಂದು ಕೇಳಿ, ಅರ್ಥವಾಗದ ಹೇಳಿಕೆಗೆ ಸಹಿ ಹಾಕಬೇಡಿ. ವಾಪಸ್ ಕಳಿಸುವ ಮಾತು ಬಂದರೆ, ಪ್ರವೇಶದ ಕೋರಿಕೆಯನ್ನು ನಾವೇ ಹಿಂದಕ್ಕೆ ಪಡೆಯುತ್ತೇವೆ ಎಂದು ಕೇಳಬಹುದು. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ‘ಎಕ್ಸ್‌ಪೆಡೈಟೆಡ್ ರಿಮೂವಲ್’ (ನ್ಯಾಯಾಧೀಶರ ಮುಂದೆ ಹೋಗದೆ ಕೂಡಲೇ ಹೊರಹಾಕುವ) ಆದೇಶವಾದರೆ ಐದು ವರ್ಷ ಬಾಗಿಲು ಮುಚ್ಚುತ್ತದೆ.

ಫೋನನ್ನು ಇಟ್ಟುಕೊಂಡರೆ 6051ಡಿ ಎಂಬ ರಸೀದಿ ಕೊಡಬೇಕು. ಅದರಲ್ಲಿ ಮಾದರಿ, ಸೀರಿಯಲ್ ನಂಬರ್ ಸರಿಯಿದೆಯೇ ನೋಡಿ. *#06# ಒತ್ತಿದರೆ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ, ಅದನ್ನು ಮನೆಯಲ್ಲೇ ಬರೆದಿಟ್ಟುಕೊಂಡಿರಿ. ಸಾಮಾನ್ಯವಾಗಿ ಐದು ದಿನ ಮೀರಬಾರದು, ಮೇಲಧಿಕಾರಿ ಒಪ್ಪಿದರೆ ವಿಸ್ತರಿಸಬಹುದು. ಕಣ್ಣಿಗೆ ಮರೆಯಾಗಿ ಹೋಗಿ ಬಂದ ಫೋನಾದರೆ ಪಾಸ್‌ಕೋಡ್ ಬದಲಿಸಿ, ಬೇರೆ ಸಾಧನದಿಂದ ಗೂಗಲ್ ಪಾಸ್‌ವರ್ಡ್ ಬದಲಿಸಿ, ವಾಟ್ಸಾಪಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗುರುತಿಲ್ಲದ್ದು ಇದ್ದರೆ ತೆಗೆಯಿರಿ.

ಎಲ್ಲ ದೇಶಕ್ಕೂ ಇದೇ ಲೆಕ್ಕವಲ್ಲ. ಬ್ರಿಟನ್ನಿನಲ್ಲಿ ಭಯೋತ್ಪಾದನಾ ಕಾಯ್ದೆಯ 7ನೇ ಪರಿಶಿಷ್ಟದಡಿ ಆರು ಗಂಟೆವರೆಗೆ ಪ್ರಶ್ನಿಸಬಹುದು, ಆಗ ಪಾಸ್‌ವರ್ಡ್ ಕೊಡದಿರುವುದೇ ಅಪರಾಧ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ನ್ಯೂಜಿಲೆಂಡಿನಲ್ಲಿ ಸಕಾರಣ ಅನುಮಾನವಿದ್ದು ಕೇಳಿದಾಗ ಕೊಡದಿದ್ದರೆ 5,000 ಡಾಲರ್‌ವರೆಗೆ ದಂಡ. ಆಸ್ಟ್ರೇಲಿಯಾದಲ್ಲಿ ಬಲವಂತವಿಲ್ಲ, ಫೋನ್ ಮಾತ್ರ 14 ದಿನ ಅವರ ಬಳಿ ಉಳಿಯಬಹುದು. ದುಬೈ, ಅಬುಧಾಬಿಯಲ್ಲಿ ಒಪ್ಪಿಗೆಯಿಲ್ಲದೆ ಬೇರೆಯವರ ಫೋಟೋ ತೆಗೆಯುವುದೇ ಕೇಸಿಗೆ ದಾರಿ, ಟ್ರಾನ್ಸಿಟ್ಟಿನಲ್ಲೂ ನೆನಪಿರಲಿ. ಮಗಳು ಮುಂದಿನ ಸಲ ಬರುವಾಗ ತಡಿಯಂಡಮೋಳ್ ಬೆಟ್ಟ ಹತ್ತಲು ಇರಲಿ ಎಂದು ಉಪಗ್ರಹ ಸಂದೇಶ ಸಾಧನವನ್ನು ಅಲ್ಲಿಂದ ತರದಿರಲಿ. ಅನುಮತಿಯಿಲ್ಲದೆ ಅದು ಭಾರತದಲ್ಲಿ ನಿಷಿದ್ಧ, ಏರ್‌ಪೋರ್ಟಿನಲ್ಲೇ ಪೊಲೀಸ್ ಕೇಸಾಗುತ್ತದೆ.

ಕೊನೆಗೆ ಚೆಕ್‌ಪೋಸ್ಟು. ಮಾಕುಟ್ಟವಾಗಲಿ ಕುಟ್ಟವಾಗಲಿ ದೇಶದ ಗಡಿಯಲ್ಲ, ಮೇಲೆ ಹೇಳಿದ ಗಡಿ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ಗಾಂಜಾ, ಎಂಡಿಎಂಎ ಅನುಮಾನದಲ್ಲಿ ವಾಹನ ಹುಡುಕಲು ಕಾನೂನಿದೆ. ವಾಹನ ಹುಡುಕುವ ಅಧಿಕಾರ ವಾಟ್ಸಾಪ್ ಓದುವ ಅಧಿಕಾರವಾಗುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಫೋನ್ ಬೇಕಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 94ನೇ ಕಲಮಿನಡಿ ಠಾಣಾಧಿಕಾರಿಯ ಲಿಖಿತ ಆದೇಶ, ಇಲ್ಲವೇ 96ರಡಿ ನ್ಯಾಯಾಲಯದ ವಾರಂಟ್ ತರಬೇಕು. ತನಿಖೆಯ ತುರ್ತಿನಲ್ಲಿ 185ರಡಿ ವಾರಂಟ್ ಇಲ್ಲದೆ ಶೋಧಿಸಿದರೆ ಕಾರಣ ಬರೆದಿಟ್ಟು ಅದರ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಶೋಧ, ಜಪ್ತಿಯನ್ನು 105ರ ಪ್ರಕಾರ ವಿಡಿಯೋ ಮಾಡಬೇಕು. ‘ಆದೇಶ ಇದ್ದರೆ ತೋರಿಸಿ ಸಾರ್, ಕೊಡುತ್ತೇನೆ’ ಎಂದರೆ ಸಾಕು, ದನಿ ಏರಿಸಬೇಡಿ. ವಿಮಾನಕ್ಕೆ ಹೊತ್ತಾಗಿರುವಾಗ ಎಷ್ಟು ಹಿಡಿದು ನಿಲ್ಲಬೇಕು ಎಂಬುದು ನಿಮಗೆ ಬಿಟ್ಟದ್ದು. ನೀವೇ ತೆರೆದುಕೊಟ್ಟರೆ ಒಪ್ಪಿಗೆ ಕೊಟ್ಟಂತೆ ಆಗುತ್ತದೆ ಎಂಬುದು ತಿಳಿದಿರಲಿ.

ಜಪ್ತಿ ಮಾಡಿಯೇಬಿಟ್ಟರೆ ಐಎಂಇಐ ನಮೂದಾದ ಜಪ್ತಿ ಪಟ್ಟಿ ಕೇಳಿ ಪಡೆಯಿರಿ, ಫೋನನ್ನು ಆಫ್ ಮಾಡಿ ಕೊಡಿ. ಮಾಕುಟ್ಟದ ಕಡೆ ಆದರೆ ದೂರು ಮಡಿಕೇರಿಯ ಎಸ್‌ಪಿ ಕಚೇರಿಗೆ, ಸೇತುವೆ ದಾಟಿ ಕೂಟುಪುಳದ ಕಡೆ ಆದರೆ ಕೇರಳ ಪೊಲೀಸರಿಗೆ. ಫೋನ್ ಬಿಡಿಸಿಕೊಳ್ಳಲು ಆ ಪ್ರದೇಶದ ಮ್ಯಾಜಿಸ್ಟ್ರೇಟರ ಮುಂದೆ ಬಿಎನ್‌ಎಸ್‌ಎಸ್ 503ರಡಿ ಅರ್ಜಿ ಹಾಕಬೇಕು. ಜಪ್ತಿ ಪಟ್ಟಿಯ ಜೊತೆಗೆ ಫೋನ್ ಕೊಂಡ ಬಿಲ್ಲು ಬೇಕಾಗುತ್ತದೆ, ಹಾಗಾಗಿ ಅಂಗಡಿಯವರು ಕೊಟ್ಟ ಬಿಲ್ಲನ್ನೂ ಆ ರಟ್ಟಿನ ಡಬ್ಬಿಯನ್ನೂ ಬಿಸಾಡಬೇಡಿ.